ಶ್ವಾನ್‌ಗೌ ಹಂಸ ಲುಡ್ವಿಗ್ ರಾಜನ ಕೊಡುಗೆಯಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಜರ್ಮನಿಯ ಬವೇರಿಯಾದಲ್ಲಿರುವ ನಾಯ್‌ಶ್ವಾನ್‌ಸ್ಟೈನ್ ಕೋಟೆಯ ಬಗ್ಗೆ ಬಂದ ಲೇಖನ ಓದಿಸಿಕೊಂಡು ಹೋಗುತ್ತದೆ. ಆದರೆ ಕೋಟೆ ಇರುವ ಶ್ವಾನ್‌ಗೌ ಊರಿನ ಲಾಂಛನದ ಹಂಸವನ್ನು, ಜರ್ಮನ್ ಸಂಗೀತಕಾರ ವಾಗ್ನರನ, ಹಂಸ ಎಳೆಯುವ ದೋಣಿಯಲ್ಲಿ ಬರುವ ‘ಹಂಸವೀರ’ನ ಕಥೆಯುಳ್ಳ ‘ಲೋಹೆನ್‌ಗ್ರಿನ್’ ಒಪೆರಾ ಮೆಚ್ಚಿ ಬವೇರಿಯಾದ ಎರಡನೇ ಲುಡ್ವಿಗ್ ರಾಜ ಕೊಟ್ಟ ಎಂದು ಬರೆದಿರುವುದು ಸರಿಯಲ್ಲ. ನಡೆದದ್ದು ಇದರ ತಿರುವುಮುರುವು.

ಕೆಂಪು ಗುರಾಣಿಯ ಮೇಲಿನ ಬಿಳಿ ಹಂಸ ಶ್ವಾನ್‌ಗೌ ಪಾಳೆಯಗಾರರ ಮನೆತನದ ಗುರುತು. ಜರ್ಮನ್‌ನಲ್ಲಿ ‘ಶ್ವಾನ್’ ಎಂದರೆ ಹಂಸ (ನಮ್ಮ ಶ್ವಾನವಲ್ಲ!), ಹೆಸರನ್ನೇ ಚಿತ್ರವಾಗಿಸುವ ಲಾಂಛನಗಳು ಆ ಕಾಲದಲ್ಲಿ ಬೇಕಾದಷ್ಟಿದ್ದವು. ಆ ಮನೆತನದ ಹಿಲ್ಟ್‌ಬೋಲ್ಟ್ 13ನೇ ಶತಮಾನದ ಪ್ರೇಮಕವಿ. ಸುಮಾರು 1300–1340ರ ನಡುವೆ ಸಿದ್ಧವಾದ, ಈಗ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ‘ಮನೆಸ್ಸೆ’ ಎಂಬ ಪ್ರೇಮಗೀತೆಗಳ ಹಸ್ತಪ್ರತಿಯ ಚಿತ್ರದಲ್ಲಿ ಅವನು ಇಬ್ಬರು ಹೆಂಗಸರ ಜತೆ ಕುಣಿಯುತ್ತಿದ್ದಾನೆ, ತೊಟ್ಟ ಬಟ್ಟೆಯ ಮೇಲೆ ಹಂಸಗಳಿವೆ. ಲುಡ್ವಿಗ್ ಹುಟ್ಟಿದ್ದು 1845ರಲ್ಲಿ.

16ನೇ ಶತಮಾನದಲ್ಲಿ ಮನೆತನ ಅಳಿಯಿತು, ಹಂಸ ಉಳಿಯಿತು. 1832ರಲ್ಲಿ ಲುಡ್ವಿಗ್‌ನ ತಂದೆ, ಆಗಿನ್ನೂ ಯುವರಾಜನಾಗಿದ್ದ ಮ್ಯಾಕ್ಸಿಮಿಲಿಯನ್, ಅಲ್ಲಿನ ಪಾಳುಕೋಟೆ ಕೊಂಡು ಹೋಹೆನ್‌ಶ್ವಾನ್‌ಗೌ ಅರಮನೆ ಕಟ್ಟಿಸಿದ. ಜಾಗದ ಹಂಸಕ್ಕೆ ಹೊಂದುವಂತೆ ಗೋಡೆಗಳ ಮೇಲೆ ಹಂಸವೀರನ ಕಥೆ ಬರೆಸಿದ. ಹುಡುಗ ಲುಡ್ವಿಗ್ ಬೆಳೆದದ್ದು ಆ ಚಿತ್ರಗಳ ನಡುವೆ. ಒಪೆರಾ ನೋಡಿದ್ದು ಆಮೇಲೆ, 1861ರಲ್ಲಿ. ನಾಯ್‌ಶ್ವಾನ್‌ಸ್ಟೈನ್‌ಗೆ ಕಲ್ಲು ಹಾಕಿದ್ದು 1869ರಲ್ಲಿ, ಆ ಹೆಸರು ಬಂದದ್ದಂತೂ 1886ರಲ್ಲಿ ರಾಜ ಸತ್ತ ಮೇಲೆ.

ಲೇಖನದ ಜತೆಗಿನ ಚಿತ್ರದಲ್ಲೂ ಎಡವಟ್ಟಾಗಿದೆ. ಪುಟದ ಅಂದಕ್ಕೋ ಏನೋ, ಹಂಸವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದಾರೆ. ಲಾಂಛನದಲ್ಲಿ ಬಲ–ಎಡ ಲೆಕ್ಕ ಹಾಕುವುದು ಗುರಾಣಿ ಹಿಡಿದವನ ಕಡೆಯಿಂದ. ಬೇರೆ ಸೂಚನೆ ಇಲ್ಲದಿದ್ದರೆ ಪ್ರಾಣಿ ಅವನ ಬಲಕ್ಕೆ, ಅಂದರೆ ನೋಡುವ ನಮ್ಮ ಎಡಕ್ಕೆ ಮುಖ ಮಾಡಿರಬೇಕು. ಹಿನ್ನೆಲೆಗೆ ಹಳದಿ ಬಳಿದದ್ದು ಇನ್ನೂ ದೊಡ್ಡ ತಪ್ಪು. ಹಳದಿ ಎಂದರೆ ಚಿನ್ನ, ಬಿಳಿ ಎಂದರೆ ಬೆಳ್ಳಿ. ಲೋಹದ ಮೇಲೆ ಲೋಹ ಇಡುವಂತಿಲ್ಲ, ಏಕೆಂದರೆ ದೂರದಿಂದ ಗುರುತೇ ಸಿಗದು. ಕೊಕ್ಕು, ಕಾಲಿನಂಥ ಸಣ್ಣ ಭಾಗಗಳಿಗೆ ಮಾತ್ರ ಈ ಕಟ್ಟಳೆ ಸಡಿಲ. ಕಪ್ಪು–ಬಿಳುಪಿನಲ್ಲಿ ಅಚ್ಚು ಹಾಕುವಾಗ ಬೂದು ಬಣ್ಣ ತುಂಬದೆ ಕೆಂಪಿಗೆ ನೆಟ್ಟನೆಯ ಉದ್ದಗೆರೆ, ನೀಲಿಗೆ ಅಡ್ಡಗೆರೆ, ಚಿನ್ನಕ್ಕೆ ಚುಕ್ಕೆ ಹಾಕಿ, ಬೆಳ್ಳಿಯನ್ನು ಖಾಲಿ ಬಿಡುವುದು ರೂಢಿ.

ಇನ್ನೊಂದು ಮಾತು. ಈ ಚಿತ್ರವನ್ನು ಟೀ ಶರ್ಟಿಗೆ ಹಾಕಿಸಬಹುದು ಎಂದು ಲೇಖಕರು ಸಲಹೆ ಕೊಟ್ಟಿದ್ದಾರೆ. ಬವೇರಿಯಾದ ಸ್ಥಳೀಯಾಡಳಿತ ಕಾಯ್ದೆಯ 4ನೇ ಕಲಮಿನ ಪ್ರಕಾರ ಊರಿನ ಲಾಂಛನವನ್ನು ಬೇರೆಯವರು ಬಳಸಬೇಕಾದರೆ ಆ ಊರಿನ ಆಡಳಿತದ ಅನುಮತಿ ಬೇಕು.

– ಓದುಗ, ಮೈಸೂರು