ಸಂಗಮೇಶ್ವರ ನೀರಿನಿಂದ ಮೇಲೆದ್ದಿದ್ದಾನಾ? ಮುಜರಾಯಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮುಜರಾಯಿ ಸಚಿವರಿಗೆ ನಮಸ್ಕಾರ.

ಸಾಹೇಬರೇ, ನಾನು ಪಟ್ಟದಕಲ್ಲಿನ ಹತ್ತಿರದ ಒಂದು ಹಳ್ಳಿಯವನು. ಯುಗಾದಿಗೆ ನಮ್ಮೂರಿನಿಂದ ಶ್ರೀಶೈಲಕ್ಕೆ ನಡೆದು ಹೋಗುತ್ತೇವೆ. ಹತ್ತಿರ ಹತ್ತಿರ 400 ಕಿ.ಮೀ. ಅಲ್ಲಿನ ದೇವಿ ಭ್ರಮರಾಂಬೆ ನಮ್ಮ ಮನೆಮಗಳು. ಹಬ್ಬಕ್ಕೆ ತವರಿನ ಸೀರೆ, ಅರಿಶಿನ ಕುಂಕುಮ ಮುಟ್ಟಿಸಲೇಬೇಕು, ಅಲ್ವಾ? ಈ ನಡಿಗೆ ನಿಮಗೆ ಹೊಸದಲ್ಲ. ನಾನು ಬರೆಯುತ್ತಿರುವುದು ದಾರಿಯ ಒಂದು ತಿರುವಿನ ಬಗ್ಗೆ.

ಲಿಂಗಸುಗೂರು, ಮಾನ್ವಿ ದಾಟಿ, ಕರ್ನೂಲು, ನಂದಿಕೊಟ್ಕೂರು ಹಾದು ಆತ್ಮಕೂರಿಗೆ ಬರುತ್ತೇವೆ. ಅಲ್ಲಿಂದ ವೆಂಕಟಾಪುರ, ನಾಗಲೂಟಿ, ಭೀಮನಕೊಳ್ಳ ಎಂದು ನಲ್ಲಮಲ ಕಾಡು ಶುರು. ಆದರೆ ಕಾಡು ಹತ್ತುವ ಮೊದಲು ಕೃಷ್ಣೆಯ ಕಡೆ ತಿರುಗಿದರೆ ಸಂಗಮೇಶ್ವರ ಸಿಗುತ್ತಾನೆ. ಆಂಧ್ರದ ನಂದ್ಯಾಲ ಜಿಲ್ಲೆಯ ಸಪ್ತನದಿ ಸಂಗಮ. ಲಿಂಗ ಕಲ್ಲಿನದಲ್ಲ, ಬೇವಿನ ಮರದ್ದು. ಧರ್ಮರಾಯ ಸ್ಥಾಪಿಸಿದ್ದು ಎನ್ನುತ್ತಾರೆ.

ಅಲ್ಲಿ ಸೇರುವ ಏಳು ನದಿಗಳ ಹೆಸರು ಕೇಳಿ: ತುಂಗಾ, ಭದ್ರಾ, ಕೃಷ್ಣಾ, ವೇಣಿ, ಭೀಮರಥಿ, ಮಲಾಪಹಾರಿ, ಭವನಾಶಿ. ಭವನಾಶಿಯೊಂದು ಆ ಕಡೆಯದು. ಉಳಿದವುಗಳಲ್ಲಿ ಹೆಚ್ಚಿನವು ನಮ್ಮ ಕರ್ನಾಟಕದಿಂದಲೇ ಹಾದು ಹೋದವು. ಮಲಾಪಹಾರಿ ಎಂದರೆ ನಮ್ಮ ಮಲಪ್ರಭೆ. ದಿನಾ ಎಮ್ಮೆ ಮೈ ತೊಳೆಯುವ ಹೊಳೆ ಅಷ್ಟು ದೂರ ಹೋಗಿ ದೇವರ ಪಾದ ತೊಳೆಯುತ್ತದೆ ಎಂದು ತಿಳಿದಾಗ ನಮ್ಮ ತಂಡದಲ್ಲಿ ಒಬ್ಬರಿಗೂ ಸುಮ್ನೆ ಕೂರಲು ಆಗಲಿಲ್ಲ.

ಆದರೆ ಈ ದೇವರು ವರ್ಷದ ಬಹುಪಾಲು ನೀರೊಳಗೇ ಇರುತ್ತಾನೆ. ಗುಡಿ ಇರುವುದು ಶ್ರೀಶೈಲ ಜಲಾಶಯದ ಹಿನ್ನೀರಿನಲ್ಲಿ. ಬೇಸಿಗೆಯಲ್ಲಿ ಮಟ್ಟ ಇಳಿದಂತೆ ಮೊದಲು ಶಿಖರ, ಆಮೇಲೆ ಗೋಡೆ, ಕೊನೆಗೆ ಗರ್ಭಗುಡಿ ಕಾಣುತ್ತದೆ. ಮಳೆಗಾಲದಲ್ಲಿ ನೀರು ಏರುವಾಗ ಅರ್ಚಕರು ದೋಣಿಯಲ್ಲಿ ಬಂದು ಶಿಖರಕ್ಕೇ ಪೂಜೆ ಮಾಡಿ ಹೋಗುತ್ತಾರೆ. ಕೆಲವು ವರ್ಷ ಶಿವರಾತ್ರಿಗೇ ಗುಡಿ ತೆರೆದಿರುತ್ತದೆ. ಕೆಲವು ವರ್ಷ ಯುಗಾದಿ ಕಳೆದರೂ ಇಲ್ಲ.

ಒಂದು ವರ್ಷ ನಾವು ಇದರಲ್ಲೇ ಎಡವಿದೆವು. ಯಾರೋ ಮೊಬೈಲಿನಲ್ಲಿ ವಿಡಿಯೋ ತೋರಿಸಿದರು, ಗುಡಿ ಮುಂದೆ ಜನ ನಿಂತಿದ್ದರು. ನಂಬಿ ತಿರುಗಿದೆವು. ಬಿಸಿಲಲ್ಲಿ ನಡೆದು ದಡಕ್ಕೆ ಹೋದರೆ ನೀರಿನ ಮೇಲೆ ಶಿಖರ ಮಾತ್ರ. ವಿಡಿಯೋ ಹಿಂದಿನ ವರ್ಷದ್ದಂತೆ. ತಪ್ಪು ನಮ್ಮದೇ, ವಿಚಾರಿಸದೆ ಹೊರಟೆವು. ನಮ್ಮ ಕಾಕಾ ಲಿಂಗಕ್ಕೆ ಎರೆಯಲು ಊರಿನಿಂದ ಒಂದು ಬಾಟಲಿ ಮಲಪ್ರಭೆ ನೀರು ತಂದಿದ್ದರು. ದಡದಲ್ಲಿ ಸ್ವಲ್ಪ ಹೊತ್ತು ನಿಂತು ಅದನ್ನು ಹಿನ್ನೀರಿಗೇ ಸುರಿದರು. "ಇಷ್ಟು ದೂರ ಹೊತ್ತು ತಂದದ್ದು, ಅದು ತಾನೇ ಹರಿದು ಬರುತ್ತಿತ್ತಲ್ಲೋ" ಎಂದು ನಕ್ಕರು. ನಮಗೆ ನಗು ಬರಲಿಲ್ಲ.

ಹೋಗಿ ಬರುವುದರಲ್ಲಿ ಪೂರ್ತಿ ಒಂದು ದಿನ ಹೋಯಿತು. ಪಾದಯಾತ್ರೆಯಲ್ಲಿ ಒಂದು ದಿನ ಎಂದರೆ ಸಣ್ಣದಲ್ಲ. ಅದು ಹುಲಿ ಇರುವ ಕಾಡು, ಹಬ್ಬದ ದಿನಗಳಲ್ಲಷ್ಟೇ ದಾರಿ ಬಿಡುತ್ತಾರೆ. ಆ ದಿನವನ್ನು ಸರಿದೂಗಿಸಲು ಕಾಡಿನಲ್ಲಿ ಓಡಿದಂತೆ ನಡೆದೆವು. ಕಾಲಲ್ಲಿ ಗುಳ್ಳೆ ಎದ್ದ ಹೆಂಗಸರ ಪಾಡು ಕೇಳಬೇಡಿ. ಕಟ್ಟಿಕೊಂಡಿದ್ದ ರೊಟ್ಟಿ, ಶೇಂಗಾ ಚಟ್ನಿ ಕೂಡ ಒಂದು ದಿನ ಮೊದಲೇ ಮುಗಿದವು.

ನಮ್ಮ ಕೂಡಲಸಂಗಮದಲ್ಲಿ ಐಕ್ಯಲಿಂಗದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿದ್ದಾರೆ. ಹೊರಗೆ ಹಿನ್ನೀರು ತುಂಬಿದ್ದರೂ ಮೆಟ್ಟಿಲಿಳಿದು ದರ್ಶನ ಪಡೆಯಬಹುದು. ಅಲ್ಲಿಯೂ ಹಾಗೆ ಕಟ್ಟಿಸಿ ಎಂದು ನಾನು ಕೇಳುತ್ತಿಲ್ಲ. ಗುಡಿ ಬೇರೆ ರಾಜ್ಯದ್ದು, ಖರ್ಚೂ ಜಾಸ್ತಿ. ಅದೂ ಅಲ್ಲದೆ, ಮುಳುಗಿ ಏಳುವ ದೇವರನ್ನು ಹಾಗೇ ಬಿಟ್ಟರೆ ಚೆಂದ ಎಂದು ನನಗನ್ನಿಸುತ್ತದೆ.

ನನಗೆ ಬೇಕಿರುವುದು ಒಂದು ಸುದ್ದಿ ಮಾತ್ರ. ಶ್ರೀಶೈಲದಲ್ಲಿ ನಿಮ್ಮ ಇಲಾಖೆಯ ಕರ್ನಾಟಕ ಛತ್ರ ಇದೆ. ಶಿವರಾತ್ರಿಯಿಂದ ಯುಗಾದಿಯವರೆಗೆ, ಆ ಒಂದು ತಿಂಗಳು, ಅಲ್ಲಿನ ಸಿಬ್ಬಂದಿ ವಾರಕ್ಕೆರಡು ಸಲ ನಂದ್ಯಾಲ ಜಿಲ್ಲೆಯವರಿಗೆ ಫೋನ್ ಮಾಡಿ ಕೇಳಲಿ. ಗರ್ಭಗುಡಿ ತೆರೆದಿದೆಯೋ, ಶಿಖರ ಮಾತ್ರ ಇದೆಯೋ, ಕೆಸರು ಎಷ್ಟಿದೆ, ದಾರಿಯಲ್ಲಿ ಕುಡಿಯುವ ನೀರು ಎಲ್ಲಿ ಸಿಗುತ್ತದೆ. ಅದನ್ನು ತಾರೀಖು ಹಾಕಿ ಕನ್ನಡದಲ್ಲಿ ಪ್ರಕಟಿಸಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಕಡೆಯ ತಂಡಗಳಿಗೆ ವಾಟ್ಸಾಪಿನಲ್ಲಿ ಹಂಚುವುದು ನಮಗೆ ಬಿಡಿ. ಆಂಧ್ರದವರು ಒಪ್ಪಿದರೆ ಆತ್ಮಕೂರಿನಲ್ಲಿ ಯುಗಾದಿಯವರೆಗೆ ಒಂದು ಕನ್ನಡ ಬೋರ್ಡು ಹಾಕಿಸಿ. ತಾರೀಖು ಮಾತ್ರ ಮರೆಯಬೇಡಿ, ನಮ್ಮನ್ನು ಕೆಡಿಸಿದ್ದು ತಾರೀಖಿಲ್ಲದ ವಿಡಿಯೋ.

ಈ ಸಲ ಕಾಕಾಗೆ ಮೊಣಕಾಲು ನೋವು, ಬರುವುದಿಲ್ಲ. ಬಾಟಲಿ ತುಂಬಿಸಿ ಕೊಡುತ್ತೇನೆ, ಗುಡಿ ತೆರೆದಿದ್ದರೆ ಮಾತ್ರ ಆ ಕಡೆ ಹೋಗಿ ಎಂದಿದ್ದಾರೆ. ಹಬ್ಬಕ್ಕೆ 15 ದಿನ ಮೊದಲು ಹೊರಡುತ್ತೇವೆ. ಅಷ್ಟರೊಳಗೆ ಮೊದಲ ಸುದ್ದಿ ಬಂದರೆ ಸಾಕು.

ಇಂತಿ,
ಬಾದಾಮಿ ತಾಲ್ಲೂಕಿನ ಒಬ್ಬ ಪಾದಯಾತ್ರಿ