ಭಾನುವಾರ ಮಾಳಿಗೆ ಮೇಲೆ ಸೇರೋಣ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಕೊಪ್ಪಳದಲ್ಲಿ, ನಾವು ಯಾವಾಗಲೂ ಸೇರುವ ಮಾಳಿಗೆ ಮೇಲೆ ಬನ್ನಿ. ಕೆಲಸ ಮುಗಿಸಿದ ಬಾಹ್ಯಾಕಾಶ ಸಾಮಾನು ಹ್ಯಾಮ್ ರೇಡಿಯೋಗೆ (ಹವ್ಯಾಸಿಗಳ ರೇಡಿಯೋಗೆ) ಹೇಗೆ ಬಂತು ಅಂತ ಮಾತಾಡೋಣ.

2006ರ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನಿಲ್ದಾಣದವರು ಹಳೆಯ ಓರ್ಲಾನ್ (ರಷ್ಯಾದ ಗಗನಯಾತ್ರಿಗಳ) ಉಡುಪಿನೊಳಗೆ ರೇಡಿಯೋ ಕೂಡಿಸಿ ಹೊರಗೆ ತಳ್ಳಿದರು. ಹೆಸರು ಸೂಟ್‌ಸ್ಯಾಟ್. ಸಿಗ್ನಲ್ ತೀರಾ ಸಣ್ಣದಿತ್ತು, ಆದರೂ ಕೆಲವರು ಹಿಡಿದರು.

ನನಗೆ ಅದಕ್ಕಿಂತ ನಮ್ಮ ಪೋಯೆಮ್ ಜಾಸ್ತಿ ಇಷ್ಟ. ಉಪಗ್ರಹ ಬಿಟ್ಟ ಮೇಲೆ ಪಿಎಸ್‌ಎಲ್‌ವಿ ರಾಕೆಟ್‌ನ ನಾಲ್ಕನೇ ಹಂತ ಸುಮ್ನೆ ಕಸ ಅಲ್ವಾ? ಇಸ್ರೋ ಅದಕ್ಕೇ ಸೋಲಾರ್ ಪ್ಯಾನೆಲ್ ಹಚ್ಚಿ ಪ್ರಯೋಗದ ವೇದಿಕೆ ಮಾಡಿತು, ಅದೇ ಪೋಯೆಮ್. 2024ರ ಡಿಸೆಂಬರ್ 30ರಂದು ಹಾರಿದ ಪೋಯೆಮ್-4ರಲ್ಲಿ ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ಕಾಲೇಜಿನ ಹ್ಯಾಮ್ ಉಪಕರಣ ಇತ್ತು, ಹೆಸರು ಬಿಜಿಎಸ್ ಅರ್ಪಿತ್. ಕೆಲಸವಾದ ಮೇಲೆ ಕಸ ಮೇಲೇ ಉಳಿಯದಂತೆ ಮೊದಲೇ ಎತ್ತರ ತಗ್ಗಿಸಿದ್ದರು. 2025ರ ಏಪ್ರಿಲ್‌ನಲ್ಲಿ ಅದು ವಾತಾವರಣಕ್ಕೆ ಇಳಿಯಿತು.

ಇವೆರಡೂ ಈಗ ಇಲ್ಲ. ಹಾಗಾಗಿ ನಿಲ್ದಾಣವನ್ನೇ ಹಿಡಿಯಲು ನೋಡೋಣ: 145.800 ಮೆಗಾಹರ್ಟ್ಜ್, ಎಫ್‌ಎಂ. ನಿಲ್ದಾಣ ವೇಗವಾಗಿ ಓಡುವುದರಿಂದ (ಇದೇ ಡಾಪ್ಲರ್) ಸಿಗ್ನಲ್ ಸುಮಾರು 3.5 ಕಿಲೋಹರ್ಟ್ಜ್ ಮೇಲೆ ಕೆಳಗೆ ಸರಿಯುತ್ತದೆ. ಮೊದಲು ಸ್ವಲ್ಪ ಮೇಲೆ ಟ್ಯೂನ್ ಮಾಡಿ, ತಲೆ ಮೇಲೆ ದಾಟಿದಂತೆ ಕೆಳಗೆ ಬನ್ನಿ. ಅಲ್ಲಿಂದ ಯಾರಾದರೂ ಮಾತಾಡಿದರೆ ಮಾತ್ರ ಕೇಳಿಸುತ್ತದೆ, ಆ ಖಾತ್ರಿ ನಾನು ಕೊಡೋಲ್ಲ!

ಅಳತೆ ಟೇಪಿನಿಂದ ಮಾಡಿದ ಯಾಗಿ ಆಂಟೆನಾ (ಸಿಗ್ನಲ್ ಬರುವ ದಿಕ್ಕಿಗೆ ತಿರುಗಿಸಿ ಹಿಡಿಯುವಂಥದ್ದು) ಇದ್ದವರು ತನ್ನಿ. ಲೈಸೆನ್ಸ್ ಇಲ್ಲದವರು ದಯವಿಟ್ಟು ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಬೇಡಿ. ನಿಲ್ದಾಣ ಹಾದುಹೋಗುವ ಸಮಯ ಶನಿವಾರ ರಾತ್ರಿ ಇಲ್ಲೇ ಹಾಕುತ್ತೇನೆ.