ಸುಬೇದಾರ್ ಕಾಕಾ ನೆನಪಿಗೆ ಭಾನುವಾರ ಸೇರೋಣ

ಓಣಿಯ ಎಲ್ಲರಿಗೂ ನಮಸ್ಕಾರ. ಕಾಕಾ ಹೋಗಿ ಭಾನುವಾರಕ್ಕೆ ಹದಿಮೂರು ದಿನ. ಬೆಳಿಗ್ಗೆ 10ಕ್ಕೆ ಅವರ ಮನೆಗೆ ಬನ್ನಿ, ಊಟ ಅಲ್ಲೇ. 10 ಅಂದ್ರೆ 10, ಕಾಕಾ ಗೊತ್ತಲ್ಲ!

ನಮ್ಮ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರಿನಲ್ಲೇ ತರಬೇತಿ ಪಡೆದವರು. 1971ರ ಯುದ್ಧದಲ್ಲಿ ಈಗಿನ ಬಾಂಗ್ಲಾದೇಶದ ಜಮಾಲಪುರದಲ್ಲಿದ್ದರು. ಆ ಯುದ್ಧ ಗೆದ್ದ ದಿನ, ಡಿಸೆಂಬರ್ 16 ಬಂತೆಂದರೆ ಪದಕ ಹಾಕಿಕೊಂಡು ಗೇಟಿನ ಹತ್ತಿರ ಕೂರೋರು. ಯುದ್ಧದ ಬಗ್ಗೆ ಕೇಳಿದರೆ ಮಾತ್ರ 'ಚಳಿ ಭಾಳ ಇತ್ತಪಾ' ಅಂತಿದ್ದರು, ಅಷ್ಟೇ.

ಕಾಕುಗೆ ಮೊಣಕಾಲು ನೋವು ಶುರುವಾದ ಮೇಲೆ ರೊಟ್ಟಿ ಬಡಿಯೋದು ಕಲಿತರು. ಮೊದಮೊದಲು ಒಂದೊಂದೂ ಒಂದೊಂದು ದೇಶದ ನಕಾಶೆ! ಕಾಕು ಒಲೆ ಪಕ್ಕ ಕುರ್ಚಿ ಹಾಕಿಕೊಂಡು 'ಅಂಚು ತಟ್ರಿ, ಅಂಚು' ಅಂತ ಹುಕುಂ ಕೊಡೋರು. ಸುಬೇದಾರರು ಚಕಾರ ಎತ್ತದೆ ತಟ್ಟೋರು.

ಮೊನ್ನೆ ಮಗಳು ಅವರ ಕರಿ ಟ್ರಂಕ್ ತೆಗೆದಳಂತೆ. ಕಾಕು ಬರೆದ ಪತ್ರಗಳೆಲ್ಲ ವರ್ಷವಾರು, ಬೂಟಿನ ಲೇಸಿನಲ್ಲಿ ಕಟ್ಟಿಟ್ಟಿದ್ದವು.

ಹಾರ ಬೇಡ ಅಂದಿದ್ದಾರೆ ಕಾಕು. ಹಳೆ ಫೋಟೊ ಇದ್ದರೆ ಶುಕ್ರವಾರದೊಳಗೆ ಇಲ್ಲೇ ಹಾಕಿ. ಅಲ್ಲಿವರೆಗೆ ಗುಡ್ ಮಾರ್ನಿಂಗ್ ಮೆಸೇಜು ಬೇಡ, ಫೋಟೊ ಹುಡುಕೋದು ಕಷ್ಟ ಆಗುತ್ತೆ.